ಎಂಟು ಬೈಟ್ ಹೆಚ್ಚಾಯಿತು, ಪುಟ ತೆರೆಯಲಿಲ್ಲ

ಬೆಳಿಗ್ಗೆ ಹತ್ತೂವರೆ. ರಾಯಬಾಗ ತಾಲ್ಲೂಕಿನ ಯಾವುದಾದರೂ ದೊಡ್ಡ ಊರಿನ ಬಸ್ ನಿಲ್ದಾಣದ ಎದುರು ನಿಂತು ನೋಡಿ. ಅಲ್ಲೊಂದು ಆನ್‌ಲೈನ್ ಅಂಗಡಿ ಇರುತ್ತದೆ. ಒಳಗೆ ಎರಡು ಕಂಪ್ಯೂಟರ್, ಒಂದು ಝೆರಾಕ್ಸ್ ಯಂತ್ರ, ಗೋಡೆಗೆ ಮೊಳೆ ಹೊಡೆದು ತೂಗುಹಾಕಿದ ಫೈಬರ್ ಡಬ್ಬಿ. ಆಧಾರ್, ಪಹಣಿ, ಪಾಸ್‌ಬುಕ್ಕಿನ ಪ್ರತಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದ ಐದಾರು ರೈತರು ಬೆಂಚಿನ ಮೇಲೆ ಕುಳಿತಿರುತ್ತಾರೆ. ಅರ್ಜಿ ತುಂಬಲು ಅದೇ ಕೊನೆಯ ವಾರ.

ಅಂಗಡಿಯ ಹುಡುಗ ಜಾಲತಾಣದ ವಿಳಾಸ ಹೊಡೆಯುತ್ತಾನೆ. ಮೇಲೆ ಚಕ್ರ ತಿರುಗತೊಡಗುತ್ತದೆ. ಒಂದು ನಿಮಿಷ, ಎರಡು ನಿಮಿಷ. ಪರದೆ ಬೆಳ್ಳಗೇ ಉಳಿಯುತ್ತದೆ. ಪಕ್ಕದ ಕಂಪ್ಯೂಟರಿನಲ್ಲಿ ಮಾತ್ರ ಯೂಟ್ಯೂಬ್ ಹಾಡು ಎಲ್ಲೂ ತಡವರಿಸದೆ ಓಡುತ್ತಿದೆ. ಕೇಬಲ್‌ನವರಿಗೆ ಫೋನ್ ಹೋಗುತ್ತದೆ. 'ಲೈನ್ ಬರೋಬ್ಬರಿ ಐತಿ, ಸ್ಪೀಡ್ ಟೆಸ್ಟ್ ಮಾಡಿ ನೋಡ್ರಿ' ಎಂಬ ಉತ್ತರ ಬರುತ್ತದೆ. ಮಾಡಿದರೆ ಅರವತ್ತಕ್ಕೆ ಅರವತ್ತೂ ಬರುತ್ತದೆ. ಹುಡುಗ ಬೆಂಚಿನ ಕಡೆ ತಿರುಗಿ ಹೇಳುತ್ತಾನೆ: 'ಸರ್ವರ್ ಡೌನ್ ಐತ್ರಿ ಕಾಕಾ. ನಾಳಿ ಬರ್ರಿ.'

ಅರ್ಧ ದಿನದ ಕೂಲಿ ಬಿಟ್ಟು ಬಂದವರು ಎದ್ದು ಹೋಗುತ್ತಾರೆ. ಅಷ್ಟರಲ್ಲಿ ಯಾರೋ ಒಬ್ಬರು ತಮ್ಮ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ ಅದೇ ಪುಟ ತೆರೆದರೆ, ಅದು ಕೂಡಲೇ ತೆರೆದುಕೊಳ್ಳುತ್ತದೆ.

ಸರ್ವರ್ ನಿಜವಾಗಿಯೂ ಮಲಗಿರುವ ದಿನಗಳು ಬೇಕಾದಷ್ಟಿವೆ. ಆದರೆ ಕೆಲವು ತಾಣಗಳಷ್ಟೇ ತೆರೆಯದೆ ಉಳಿದೆಲ್ಲ ಸರಾಗವಾಗಿ ಓಡುತ್ತಿದ್ದರೆ, ಹಾಟ್‌ಸ್ಪಾಟ್‌ನಲ್ಲಿ ಅದೇ ತಾಣ ತೆರೆದರೆ, ತಪ್ಪು ಸರ್ವರಿನದ್ದಲ್ಲ, ವೇಗದ್ದೂ ಅಲ್ಲ ಎಂದು ಅನುಮಾನಿಸಬೇಕು. ಬಹಳ ಸಲ ಅಲ್ಲಿ ಕೆಡುವುದು ಒಂದು ಅಳತೆ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಮನೆಮನೆಗೆ ಫೈಬರ್ ಬರುತ್ತಿರುವ ಈ ಹೊತ್ತಿನಲ್ಲಿ ಆ ಅಳತೆಯನ್ನು ನಾವೆಲ್ಲ ತಿಳಿದಿರಬೇಕು. ತಿಳಿಯದವರು 'ನೆಟ್ ಸ್ಲೋ ಐತಿ' ಎಂದುಕೊಂಡು ಇನ್ನೂ ದುಬಾರಿ ಪ್ಲಾನ್ ಹಾಕಿಸುತ್ತಾರೆ. ಪುಟ ಆಗಲೂ ತೆರೆಯುವುದಿಲ್ಲ.

ಚೂರು ಚೂರಾಗಿ ಸಾಗುವ ಸರಕು

ಇಂಟರ್‌ನೆಟ್‌ನಲ್ಲಿ ಯಾವುದೂ ಇಡಿಯಾಗಿ ಸಾಗುವುದಿಲ್ಲ. ಫೋಟೊ, ಅರ್ಜಿ, ಹಾಡು ಎಲ್ಲವನ್ನೂ ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನ ಮೇಲೂ ಯಾರಿಂದ ಯಾರಿಗೆ ಎಂಬ ವಿಳಾಸ ಬರೆದು ಕಳಿಸಲಾಗುತ್ತದೆ. ಈ ತುಂಡೇ ಪ್ಯಾಕೆಟ್. ಆಚೆ ತುದಿಯ ಯಂತ್ರ ತುಂಡುಗಳನ್ನು ಸಾಲಾಗಿ ಜೋಡಿಸಿ ಮತ್ತೆ ಫೋಟೊ ಮಾಡಿಕೊಳ್ಳುತ್ತದೆ.

ಅಥಣಿಯ ಚಪ್ಪಲಿ ಕುಶಲಕರ್ಮಿಯೊಬ್ಬರು ಹೊಸ ಜೋಡಿಯೊಂದರ ಫೋಟೊವನ್ನು ಆನ್‌ಲೈನ್ ಮಾರಾಟಕ್ಕೆ ಏರಿಸುತ್ತಿದ್ದಾರೆ ಎನ್ನಿ. (ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ, ಅಥಣಿಯ ಕೈಗಳಿಗೆ ಅದು ಸಲ್ಲಬೇಕಾದದ್ದೇ.) ಫೋಟೊ 40 ಲಕ್ಷ ಬೈಟ್‌ನದ್ದಾದರೆ ಅದು ಸುಮಾರು 2,740 ಪ್ಯಾಕೆಟ್‌ಗಳಾಗಿ ಒಡೆದು ಹೊರಡುತ್ತದೆ. ಒಂದೊಂದು ಪ್ಯಾಕೆಟ್‌ನ ಗರಿಷ್ಠ ತೂಕ 1500 ಬೈಟ್. ಅದರಲ್ಲಿ ವಿಳಾಸ, ಲೆಕ್ಕಪತ್ರಗಳಿಗೆ 40 ಬೈಟ್ ಹೋಗುತ್ತದೆ; ಅಸಲು ಸರಕು 1460.

ಒಂದು ದಾರಿಯಲ್ಲಿ ಒಂದೇ ಏಟಿಗೆ ಎಷ್ಟು ದೊಡ್ಡ ಪ್ಯಾಕೆಟ್ ಹಿಡಿಸುತ್ತದೆ ಎಂಬ ಈ ಮಿತಿಗೆ ತಂತ್ರಜ್ಞರು ಎಂಟಿಯು ಎನ್ನುತ್ತಾರೆ. ನಿಮ್ಮ ವೈಫೈ ರೂಟರಿನ ಸೆಟಿಂಗ್ ಪುಟದಲ್ಲಿ ಈ ಮೂರಕ್ಷರ ಎಲ್ಲೋ ಒಂದು ಮೂಲೆಯಲ್ಲಿ ಇದ್ದೇ ಇರುತ್ತದೆ.

ಸಾವಿರದ ಐನೂರು ಎಲ್ಲಿಂದ ಬಂತು

1973ರಲ್ಲಿ ಅಮೆರಿಕದ ಝೆರಾಕ್ಸ್ ಕಂಪನಿಯ ಪಾಲೊ ಆಲ್ಟೊ ಸಂಶೋಧನಾ ಕೇಂದ್ರದಲ್ಲಿ ರಾಬರ್ಟ್ ಮೆಟ್‌ಕಾಫ್, ಡೇವಿಡ್ ಬಾಗ್ಸ್ ಮತ್ತವರ ಜೊತೆಗಾರರು ಕಂಪ್ಯೂಟರುಗಳನ್ನು ಕೇಬಲ್‌ನಿಂದ ಬೆಸೆಯುವ ಈಥರ್‌ನೆಟ್ ಪದ್ಧತಿ ಕಟ್ಟಿದರು. 1980ರಲ್ಲಿ ಡಿಇಸಿ, ಇಂಟೆಲ್, ಝೆರಾಕ್ಸ್ ಕಂಪನಿಗಳು ಸೇರಿ ಅದಕ್ಕೊಂದು ಒಪ್ಪಿತ ಗುಣಮಟ್ಟ ಹೊರತಂದವು. 1500ರ ಮಿತಿ ನಿಂತದ್ದು ಅಲ್ಲಿಯೇ.

ಆಗ ಎಲ್ಲ ಕಂಪ್ಯೂಟರುಗಳಿಗೂ ಸೇರಿ ಒಂದೇ ತಂತಿ. ಓಣಿಗೆಲ್ಲ ಒಂದೇ ನಳ ಇದ್ದಂತೆ. ಒಬ್ಬರೇ ಹಂಡೆಗಟ್ಟಲೆ ತುಂಬುತ್ತ ನಿಂತರೆ ಉಳಿದವರು ಕೊಡ ಹಿಡಿದು ಕಾಯಬೇಕು. ಅದಕ್ಕೇ ಒಂದು ಸರತಿಗೆ ಇಷ್ಟೇ ಎಂದು ಗೆರೆ ಎಳೆದರು. ಬಂದ ಪ್ಯಾಕೆಟ್ ಹಿಡಿದಿಟ್ಟುಕೊಳ್ಳಲು ಬೇಕಾದ ಮೆಮೊರಿ ಚಿಪ್ ಆಗ ಬಲು ದುಬಾರಿ ಎಂಬುದೂ ಒಂದು ಕಾರಣ. ಇಂದು ಮೆಮೊರಿ ಅಗ್ಗ, ತಂತಿ ಸಾವಿರ ಪಟ್ಟು ವೇಗ. ಆದರೂ ಸಂಖ್ಯೆ ಕದಲಿಲ್ಲ. ಬದಲಾಯಿಸುವುದಾದರೆ ಲೋಕದ ಎಲ್ಲ ಯಂತ್ರಗಳೂ ಒಟ್ಟಿಗೇ ಬದಲಾಗಬೇಕು.

ಮಿರಜ್ ಜಂಕ್ಷನ್ನಿನ ಪಾಠ

ಅಳತೆ ಬೇರೆಯಾದರೆ ಏನಾಗುತ್ತದೆ ಎಂಬುದು ನಮ್ಮ ಭಾಗದ ಹಿರಿಯರಿಗೆ ಯಾವ ತಂತ್ರಜ್ಞಾನವೂ ಇಲ್ಲದೆ ಗೊತ್ತು. ಮಿರಜ್ ಜಂಕ್ಷನ್ನಿನಲ್ಲಿ ಒಂದು ಕಾಲಕ್ಕೆ ಮೂರು ಅಳತೆಯ ಹಳಿಗಳು ಬಂದು ಸೇರುತ್ತಿದ್ದವು. 1676 ಮಿಲಿಮೀಟರಿನ ಬ್ರಾಡ್‌ಗೇಜ್, ಒಂದು ಮೀಟರಿನ ಮೀಟರ್‌ಗೇಜ್, ಕುರ್ಡುವಾಡಿ ಕಡೆಯ 762 ಮಿಲಿಮೀಟರಿನ ನ್ಯಾರೋಗೇಜ್. ಉಗಾರ, ಕುಡಚಿ, ರಾಯಬಾಗದ ಮೇಲೆ ಹಾಯ್ದು ಬೆಳಗಾವಿ, ಲೋಂಡಾ ಕಡೆ ಹೋಗುವ ನಮ್ಮ ಹಳಿ 1990ರ ದಶಕದವರೆಗೂ ಮೀಟರ್‌ಗೇಜೇ. ಬ್ರಾಡ್‌ಗೇಜಿನ ಡಬ್ಬಿ ನಮ್ಮ ಹಳಿಯ ಮೇಲೆ ಓಡದು. ಮಿರಜ್‌ಗೆ ಬಂದ ಸರಕನ್ನು ಅಲ್ಲಿ ಇಳಿಸಿ, ಹಂಚಿ, ಸಣ್ಣ ಡಬ್ಬಿಗಳಿಗೆ ಮತ್ತೆ ಏರಿಸಬೇಕಿತ್ತು. ಹಮಾಲರಿಗೆ ಕೆಲಸ, ವ್ಯಾಪಾರಿಗೆ ಖರ್ಚು, ಸರಕಿಗೆ ತಡ.

1981ರಲ್ಲಿ ಬರೆದ ಇಂಟರ್‌ನೆಟ್ ನಿಯಮದಲ್ಲಿಯೂ ಇಂಥದ್ದೇ ಏರ್ಪಾಡಿತ್ತು. ದಾರಿ ಕಿರಿದಾದಲ್ಲಿ ನಡುವಿನ ರೂಟರ್ ಪ್ಯಾಕೆಟ್ಟನ್ನು ಒಡೆದು ಸಣ್ಣದು ಮಾಡಿ ಮುಂದೆ ಕಳಿಸುತ್ತಿತ್ತು. ಆದರೆ ಒಂದು ಚೂರು ಕಳೆದರೂ ಇಡೀ ಪ್ಯಾಕೆಟ್ ವ್ಯರ್ಥ; ರೂಟರಿಗೂ ಹಮಾಲಿಯ ಹೊರೆ. ಹಾಗಾಗಿ 1990ರಲ್ಲಿ ಬೇರೆ ಪದ್ಧತಿ ಬಂತು. ಕಳಿಸುವವನು ಪ್ಯಾಕೆಟ್ ಮೇಲೆ 'ಒಡೆಯಬೇಡಿ' ಎಂದು ಬರೆಯುತ್ತಾನೆ. ಕಿರಿದಾದ ಜಾಗದಲ್ಲಿರುವ ರೂಟರ್ ಆ ಪ್ಯಾಕೆಟ್ಟನ್ನು ಬಿಸಾಕಿ, 'ನಮ್ಮ ಹಳಿ ಇಷ್ಟೇ ಅಗಲ, ಸಣ್ಣ ಡಬ್ಬಿ ಕಳಿಸಿ' ಎಂದು ಹಿಂದಕ್ಕೆ ಚೀಟಿ ಕಳಿಸುತ್ತದೆ. ಕಳಿಸಿದವನು ಅಳತೆ ತಗ್ಗಿಸಿ ಮತ್ತೆ ಕಳಿಸುತ್ತಾನೆ. ಒಳ್ಳೆಯ ಪದ್ಧತಿ. ಆ ಚೀಟಿ ಮರಳಿ ತಲುಪಿದರೆ ಮಾತ್ರ.

ಎಂಟು ಬೈಟ್ ತಿನ್ನುವ ಲಕೋಟೆ

ನಮ್ಮ ಮನೆಯ ದಾರಿ ಕಿರಿದಾಗುವುದು ಗೋಡೆಯ ಮೇಲಿನ ಡಬ್ಬಿಯಲ್ಲಿ.

2005ರ ಜನವರಿ 14ರಂದು ಬಿಎಸ್‌ಎನ್‌ಎಲ್ 'ಡೇಟಾವನ್' ಹೆಸರಿನಲ್ಲಿ ಬ್ರಾಡ್‌ಬ್ಯಾಂಡ್ ಆರಂಭಿಸಿದಾಗ, ಹಳೆಯ ಟೆಲಿಫೋನ್ ತಂತಿಯ ಮೇಲೆಯೇ 256 ಕಿಲೊಬಿಟ್ ವೇಗ ಕೊಡುವುದು ಆಗಿನ ದೊಡ್ಡ ಸುದ್ದಿ. ಆ ಸಂಪರ್ಕಕ್ಕೆ ಒಂದು ಬಳಕೆದಾರ ಹೆಸರು, ಒಂದು ಪಾಸ್‌ವರ್ಡ್ ಇತ್ತು. ತಂತಿ ಹೋಗಿ ಫೈಬರ್ ಬಂದರೂ ಹೆಸರು, ಪಾಸ್‌ವರ್ಡ್ ಕೇಳುವ ಪದ್ಧತಿ ಬಿಎಸ್‌ಎನ್‌ಎಲ್ ಫೈಬರ್‌ನಲ್ಲಿಯೂ ಹಲವು ಸ್ಥಳೀಯ ಕೇಬಲ್ ಜಾಲಗಳಲ್ಲಿಯೂ ಉಳಿದಿದೆ. ಅದರ ಹೆಸರು ಪಿಪಿಪಿಒಇ. ಫೋನ್ ಡಯಲ್ ಮಾಡಿ ಇಂಟರ್‌ನೆಟ್ ಹಿಡಿಯುತ್ತಿದ್ದ ಕಾಲದ ಲೆಕ್ಕ-ಬಿಲ್ಲಿನ ವ್ಯವಸ್ಥೆಯನ್ನು ಹೊಸ ಸಂಪರ್ಕಕ್ಕೂ ಹೊಂದಿಸಲು 1999ರಲ್ಲಿ ಬರೆದ ನಿಯಮ.

ಇದರಲ್ಲಿ ನಿಮ್ಮ ಪ್ರತಿ ಪ್ಯಾಕೆಟ್ಟನ್ನೂ ಇನ್ನೊಂದು ಲಕೋಟೆಯೊಳಗೆ ಇಟ್ಟು ಕಳಿಸುತ್ತಾರೆ. ಇದು ಯಾವ ಗ್ರಾಹಕರದ್ದು ಎಂಬ ಗುರುತು ಆ ಲಕೋಟೆಯ ಮೇಲಿರುತ್ತದೆ. ಲಕೋಟೆಯ ತೂಕ 8 ಬೈಟ್. ಹೊರಗಿನ ಮಿತಿ 1500ರಲ್ಲೇ ನಿಂತಿರುವುದರಿಂದ ಒಳಗಿನ ಪ್ಯಾಕೆಟ್‌ಗೆ ಉಳಿಯುವುದು 1492.

ಡಬ್ಬಿ ಆನ್ ಮಾಡಿದ ಕೂಡಲೇ ಇದರ ಮಾತುಕತೆ ನಡೆಯುತ್ತದೆ. ಡಬ್ಬಿ ಮೊದಲು 'ಯಾರಾದರೂ ಇದ್ದೀರಾ?' ಎಂದು ಲೈನಿನಲ್ಲಿ ಕೂಗು ಹಾಕುತ್ತದೆ. ಕಂಪನಿಯ ಯಂತ್ರ ಓಗೊಡುತ್ತದೆ. ಆಮೇಲೆ ಇಬ್ಬರೂ ತಾವು ಎಷ್ಟು ದೊಡ್ಡ ಪ್ಯಾಕೆಟ್ ಹಿಡಿಯಬಲ್ಲೆವು ಎಂದು ಹೇಳಿಕೊಳ್ಳುತ್ತಾರೆ. ಒಬ್ಬರು ಹೇಳಿದ ಅಳತೆ ಇನ್ನೊಬ್ಬರಿಗೆ ಒಪ್ಪದಿದ್ದರೆ ಬೇರೆ ಸಂಖ್ಯೆ ಮುಂದಿಡುತ್ತಾರೆ. ಹೆಸರು, ಪಾಸ್‌ವರ್ಡ್ ಕೇಳುವುದು ಇದಾದ ಮೇಲೆಯೇ. ದನದ ಸಂತೆಯಲ್ಲಿ ಟವೆಲ್ಲಿನ ಕೆಳಗೆ ಬೆರಳು ಹಿಡಿದು ದರ ಕುದುರಿಸುತ್ತಾರಲ್ಲ, ಹಾಗೆ ಈ ವ್ಯವಹಾರ ಅವರಿಬ್ಬರಿಗೆ ಮಾತ್ರ ಗೊತ್ತು. ತೊಂದರೆ ಹುಟ್ಟುವುದು ಅಲ್ಲಿಂದಲೇ. ಒಳಗೆ ಮೇಜಿನ ಮೇಲಿರುವ ಕಂಪ್ಯೂಟರಿಗೆ ಟವೆಲ್ಲಿನ ಕೆಳಗೆ ಆದ ಮಾತು ತಿಳಿಯುವುದಿಲ್ಲ. ಅದಕ್ಕೆ ಕಾಣುವುದು ಡಬ್ಬಿಯವರೆಗಿನ ತಂತಿ ಅಥವಾ ವೈಫೈ. ಅಲ್ಲಿ ಮಿತಿ 1500.

ಕಂಪ್ಯೂಟರ್ ದೂರದ ಸರ್ವರಿಗೆ ಮೊದಲ ನಮಸ್ಕಾರ ಹೇಳುವಾಗ ಇನ್ನೊಂದು ಮಾತುಕತೆ ಇದೆ. 'ನನಗೆ ಒಂದು ಸಲಕ್ಕೆ 1460 ಬೈಟ್ ಸರಕು ಕಳಿಸು' ಎಂದು ಇದು ಹೇಳುತ್ತದೆ, ಅದೂ 1460 ಎನ್ನುತ್ತದೆ. ಎರಡೂ ತುದಿಗೆ ಒಪ್ಪಿಗೆ. ನಡುವೆ 1492ರ ಕಿರಿದಾದ ಹಳಿ ಇದೆ ಎಂಬುದು ಎರಡಕ್ಕೂ ಗೊತ್ತಿಲ್ಲ.

ಎಂಟು ಬೈಟ್ ಕಡಿಮೆಯಾದದ್ದೇ ದೊಡ್ಡ ನಷ್ಟವೇನಲ್ಲ. ಮೇಲಿನ ಚಪ್ಪಲಿಯ ಫೋಟೊ 2,740ರ ಬದಲು 2,755 ಪ್ಯಾಕೆಟ್ ಆಗುತ್ತದೆ, ಅಷ್ಟೇ. ಹದಿನೈದು ಹೆಚ್ಚು. ಕಣ್ಣು ಮಿಟುಕಿಸುವುದರೊಳಗೆ ಹೋಗಿಬಿಡುವಂಥವು.

ಚೀಟಿ ಮರಳಿ ಬರದಿದ್ದಾಗ

ಈಗ ಅಂಗಡಿಯ ಹುಡುಗ ಅರ್ಜಿಯ ತಾಣ ತೆರೆಯುತ್ತಾನೆ. ಮೊದಲ ನಮಸ್ಕಾರ ಸಣ್ಣ ಪ್ಯಾಕೆಟ್, ಹೋಗುತ್ತದೆ, ಬರುತ್ತದೆ. ನಂತರ ಸರ್ವರ್ 'ನಾನು ಅಸಲಿ ತಾಣವೇ' ಎಂದು ಸಾಬೀತುಪಡಿಸುವ ಪ್ರಮಾಣಪತ್ರ ಕಳಿಸಬೇಕು. ಅದು ಕೆಲವು ಸಾವಿರ ಬೈಟ್‌ನದ್ದು. ಸರ್ವರ್ ಅದನ್ನು ತುಂಬು 1500ರ ಪ್ಯಾಕೆಟ್‌ಗಳಲ್ಲಿ, ಮೇಲೆ 'ಒಡೆಯಬೇಡಿ' ಎಂದು ಬರೆದು ಕಳಿಸುತ್ತದೆ. ಅವು ಇಂಟರ್‌ನೆಟ್ ಕಂಪನಿಯ ಹೆಬ್ಬಾಗಿಲವರೆಗೆ ಬಂದು ನಿಲ್ಲುತ್ತವೆ. ಅಲ್ಲಿಂದ ನಿಮ್ಮ ಮನೆಗೆ 1492. ಹಿಡಿಸುವುದಿಲ್ಲ. ಹೆಬ್ಬಾಗಿಲಿನ ಯಂತ್ರ ಪ್ಯಾಕೆಟ್ಟನ್ನು ಬಿಸಾಕಿ ಸರ್ವರಿಗೆ ಚೀಟಿ ಕಳಿಸುತ್ತದೆ.

ಸರ್ವರಿನ ಮುಂದೆ ಕಾವಲಿಗೆ ಒಂದು ಫೈರ್‌ವಾಲ್ ಇರುತ್ತದೆ. ಈ ಚೀಟಿಗಳು ಸಾಗುವುದು ಐಸಿಎಂಪಿ ಎಂಬ ಸಂದೇಶಗಳ ರೂಪದಲ್ಲಿ. ಅದೇ ಬಗೆಯ ಸಂದೇಶಗಳನ್ನು ಹ್ಯಾಕರುಗಳೂ ಬಳಸಿಕೊಂಡದ್ದುಂಟು. ಆ ಹೆದರಿಕೆಯಿಂದ ಎಷ್ಟೋ ಸರ್ವರ್ ನಿರ್ವಾಹಕರು ಐಸಿಎಂಪಿ ಪೂರ್ತಿ ಬಂದ್ ಮಾಡಿಟ್ಟಿರುತ್ತಾರೆ. ಚೀಟಿ ಬಾಗಿಲಲ್ಲೇ ಸಾಯುತ್ತದೆ. ಸರ್ವರ್ ಉತ್ತರಕ್ಕೆ ಕಾದು, ಅದೇ 1500ರ ಪ್ಯಾಕೆಟ್ಟನ್ನು ಮತ್ತೆ ಕಳಿಸುತ್ತದೆ. ಅದು ಮತ್ತೆ ಬಿಸಾಕಿಸಿಕೊಳ್ಳುತ್ತದೆ. ಇತ್ತ ಪರದೆಯ ಮೇಲೆ ಚಕ್ರ ತಿರುಗುತ್ತಲೇ ಇರುತ್ತದೆ. ತಂತ್ರಜ್ಞರು ಇದಕ್ಕೆ ಕಪ್ಪುಕುಳಿ ಎನ್ನುತ್ತಾರೆ. ಬಿದ್ದದ್ದು ಬಿದ್ದಿತು, ಬಿದ್ದ ಸದ್ದೂ ಕೇಳುವುದಿಲ್ಲ.

ನನ್ನ ಮಟ್ಟಿಗೆ ಇಡೀ ಕಥೆಯ ನೋವು ಇಲ್ಲಿದೆ. ಹಳಿ ಕಿರಿದಾಗಿರುವುದು ದೋಷವಲ್ಲ. ಕಿರಿದಾಗಿದೆ ಎಂದು ಹೇಳಿದ ಮಾತನ್ನು ಕೇಳಿಸಿಕೊಳ್ಳದೆ ಬಾಯಿ ಮುಚ್ಚಿಸಿದ್ದು ದೋಷ. ಹಾಗೆ ಬಂದ್ ಮಾಡಿದ ನಿರ್ವಾಹಕರಿಗೆ ರಾಯಬಾಗದ ಬೆಂಚಿನ ಮೇಲೆ ಕುಳಿತ ಕಾಕಾ ಕಾಣುವುದಿಲ್ಲ. ಅವರ ಕಚೇರಿಯ ಸಂಪರ್ಕದಲ್ಲಿ ಎಂಟು ಬೈಟ್‌ನ ಲಕೋಟೆ ಇಲ್ಲದಿದ್ದರೆ ಅವರಿಗೆ ತಾಣ ಚೆನ್ನಾಗಿಯೇ ತೆರೆಯುತ್ತದೆ.

ಇನ್ನೊಂದು ಬಗೆಯ ಮೌನವೂ ಇದೆ. ಡಬ್ಬಿಯಲ್ಲಿ ಯಾರೋ 1500 ಎಂದು ಸೆಟ್ ಮಾಡಿರುತ್ತಾರೆ. ಲಕೋಟೆ ಸೇರಿ 1508 ಆಗುತ್ತದೆ. ಓಣಿಯ ಕಂಬದ ಮೇಲಿನ ಪೆಟ್ಟಿಗೆಯಲ್ಲಿರುವ ಸಾದಾ ಸ್ವಿಚ್ ಅದನ್ನು ಹಿಡಿಯಲಾರದೆ ಬಿಸಾಕುತ್ತದೆ. ಸ್ವಿಚ್‌ಗಳಿಗೆ ಚೀಟಿ ಬರೆಯುವ ವಿದ್ಯೆಯೇ ಇಲ್ಲ. ಆಗ ನೀವು ಕಳಿಸುವ ಫೋಟೊ, ಸ್ಕ್ಯಾನ್ ಮಾಡಿದ ದಾಖಲೆಗಳು ಹೋಗುವುದಿಲ್ಲ. ವಾಟ್ಸ್ಆ್ಯಪ್‌ನ ಎರಡು ಸಾಲಿನ ಸಂದೇಶ ಮಾತ್ರ ಹೋಗುತ್ತದೆ.

ಯೂಟ್ಯೂಬ್ ಯಾಕೆ ಓಡುತ್ತದೆ

ದೊಡ್ಡ ಕಂಪನಿಗಳು ಈ ಕಾಟವನ್ನು ಅನುಭವಿಸಿ, ಪಾಠ ಕಲಿತು, ಮೊದಲೇ ಸಣ್ಣ ಪ್ಯಾಕೆಟ್ ಕಳಿಸುತ್ತವೆ. ಗೂಗಲ್ ಹುಟ್ಟುಹಾಕಿ 2021ರಲ್ಲಿ ಎಲ್ಲರ ನಿಯಮವಾದ ಕ್ವಿಕ್ ಎಂಬ ಪದ್ಧತಿ 1200 ಬೈಟ್ ಸಾಗಿದರೆ ಸಾಕು ಎಂಬ ಲೆಕ್ಕದಿಂದ ಶುರುವಾಗಿ, ದಾರಿ ಅಗಲ ಇದ್ದರೆ ತಾನೇ ಪರೀಕ್ಷಿಸಿ ಹಿಗ್ಗುತ್ತದೆ. ಯಾರ ಚೀಟಿಗೂ ಅದು ಕಾಯುವುದಿಲ್ಲ.

ಸ್ಪೀಡ್ ಟೆಸ್ಟ್ ಬಹುಪಾಲು ಹತ್ತಿರದ, ಚೆನ್ನಾಗಿ ನೋಡಿಕೊಂಡ ಸರ್ವರಿನ ಜೊತೆ ನಡೆಯುತ್ತದೆ. ಹಾಗಾಗಿ 'ಲೈನ್ ಬರೋಬ್ಬರಿ ಐತಿ' ಎಂದ ಕೇಬಲ್‌ನವರು ಸುಳ್ಳು ಹೇಳಲಿಲ್ಲ. ಫೈಬರ್ ಕಡಿದಾಗ ಕೆಂಪು ದೀಪ ಮಿನುಗುತ್ತದೆ. ಕಬ್ಬಿನ ಟ್ರ್ಯಾಲಿಗೆ ಸಿಕ್ಕಿ ಕೇಬಲ್ ಹರಿದದ್ದು ಕಣ್ಣಿಗೆ ಕಾಣುತ್ತದೆ. ಅಳತೆ ತಪ್ಪಿದ್ದಕ್ಕೆ ಯಾವ ದೀಪವೂ ಇಲ್ಲ.

ಮನೆಯಲ್ಲೇ ಮಾಡುವ ಪರೀಕ್ಷೆ

ವಿಂಡೋಸ್ ಕಂಪ್ಯೂಟರಿನಲ್ಲಿ 'ಪಿಂಗ್' ಎಂಬ ಸಣ್ಣ ಆಜ್ಞೆ ಇದೆ. ದೂರದ ಯಂತ್ರಕ್ಕೆ ಒಂದು ಕೂಗು ಹಾಕಿ ಉತ್ತರಕ್ಕೆ ಕಾಯುವುದು ಅದರ ಕೆಲಸ. ಸುಮ್ಮನೆ ಮಾಡಿದರೆ ಅದು ಕಳಿಸುವುದು 32 ಬೈಟ್. ಅದು ಹೋಗಿಯೇ ಹೋಗುತ್ತದೆ, ಏನೂ ತಿಳಿಯುವುದಿಲ್ಲ. ಅದಕ್ಕೆ 'ಒಡೆಯಬೇಡಿ' ಎಂಬ ಷರತ್ತು ಹಾಗೂ ಅಳತೆ ಎರಡನ್ನೂ ಸೇರಿಸಬೇಕು. ಅಕ್ಕಪಕ್ಕದ ಕಂಪ್ಯೂಟರ್ ಕಲಿತ ಹುಡುಗ ಹುಡುಗಿಯರು ಒಂದು ನಿಮಿಷದಲ್ಲಿ ಮಾಡಿ ತೋರಿಸುತ್ತಾರೆ.

ಮೊದಲು 1472 ಎಂದು ಕೊಡಿ. ಇದಕ್ಕೆ ಶಿರೋಭಾಗದ 28 ಬೈಟ್ ಸೇರಿ 1500 ಆಗುತ್ತದೆ. ಉತ್ತರ ಬಂದರೆ ನಿಮ್ಮ ದಾರಿ ಪೂರ್ತಿ ಅಗಲ ಇದೆ. ಬರದಿದ್ದರೆ 1464 ಕೊಡಿ. ಇದು ಬಂದು, 1465 ಬರದಿದ್ದರೆ ನಿಮ್ಮ ಮಿತಿ 1492. 1464 ಕೂಡ ಬರದಿದ್ದರೆ 1452 ಕೊಟ್ಟು ನೋಡಿ. ಬಂದರೆ ನಿಮ್ಮ ಮಿತಿ ಕನಿಷ್ಠ 1480.

ಉತ್ತರ ಬಾರದಾಗ ಪರದೆಯ ಮೇಲಿನ ಸಾಲನ್ನು ಗಮನವಿಟ್ಟು ಓದಿ. 'ಒಡೆಯಬೇಕಾಗಿತ್ತು, ಆದರೆ ಒಡೆಯಬೇಡಿ ಎಂದು ಹೇಳಲಾಗಿದೆ' ಎಂಬ ಅರ್ಥದ ಇಂಗ್ಲಿಷ್ ಸಾಲು ಬಂದರೆ ಒಳ್ಳೆಯದು. ದಾರಿಯಲ್ಲಿರುವ ಯಂತ್ರ ಮಾತನಾಡುತ್ತಿದೆ, ಚೀಟಿ ತಲುಪಿದೆ. 'ಸಮಯ ಮುಗಿಯಿತು' ಎಂದಷ್ಟೇ ಬಂದರೆ, ಸಣ್ಣ ಅಳತೆಗೆ ಉತ್ತರ ಬರುತ್ತಿದ್ದರೂ ದೊಡ್ಡದಕ್ಕೆ ಮೌನವಾದರೆ, ಕಪ್ಪುಕುಳಿ ನಿಮ್ಮ ದಾರಿಯಲ್ಲಿರಬಹುದು.

ಸರಿಪಡಿಸುವುದು ಯಾರು

ಮೊದಲ ಹೊಣೆ ಇಂಟರ್‌ನೆಟ್ ಕೊಡುವವರದ್ದು. ಇದಕ್ಕೆ ಬಹಳ ಹಿಂದಿನಿಂದ ಇರುವ ಮದ್ದು ಎಂಎಸ್‌ಎಸ್ ಕ್ಲ್ಯಾಂಪಿಂಗ್. ಕಂಪ್ಯೂಟರ್ ಮೊದಲ ನಮಸ್ಕಾರದಲ್ಲಿ '1460' ಎಂದು ಬರೆದು ಕಳಿಸುತ್ತದಲ್ಲ, ಆ ಪ್ಯಾಕೆಟ್ ತನ್ನ ಮೇಲೆ ಹಾಯ್ದು ಹೋಗುವಾಗ ರೂಟರ್ ಅದನ್ನು ತೆರೆದು 1452 ಎಂದು ತಿದ್ದುತ್ತದೆ. ಆಚೆಯಿಂದ ಬರುವ ಸಂಖ್ಯೆಯನ್ನೂ ಹಾಗೇ ತಿದ್ದುತ್ತದೆ. ಎರಡೂ ತುದಿಗಳು ಮೊದಲಿನಿಂದಲೇ ಸಣ್ಣ ಪ್ಯಾಕೆಟ್ ಕಟ್ಟುತ್ತವೆ. ಚೀಟಿಯ ಅಗತ್ಯವೇ ಬೀಳುವುದಿಲ್ಲ. ಇಷ್ಟು ಸೆಟಿಂಗ್ ಒಮ್ಮೆ ಹಾಕಿದರೆ ಕಂಪನಿಯ ಅಷ್ಟೂ ಗ್ರಾಹಕರಿಗೆ ಸಾಕು. ಹಣ ಖರ್ಚಾಗುವುದಿಲ್ಲ, ಹೊಸ ಯಂತ್ರ ಬೇಕಿಲ್ಲ. ಆದರೂ ಅದು ಬಿಟ್ಟುಹೋಗಿರುತ್ತದೆ ಎಂಬುದಕ್ಕೆ ನನಗೆ ಸಿಟ್ಟಿದೆ.

ನಾವು ಮಾಡಬಹುದಾದದ್ದೂ ಇದೆ. ಡಬ್ಬಿಯ ಸೆಟಿಂಗ್‌ನಲ್ಲಿ ಇಂಟರ್‌ನೆಟ್ ಅಥವಾ ವ್ಯಾನ್ ಎಂಬ ಪುಟದಲ್ಲಿ ಎಂಟಿಯು 1492 ಮಾಡಿ, ಡಬ್ಬಿಯನ್ನು ಒಮ್ಮೆ ಆಫ್ ಮಾಡಿ ಆನ್ ಮಾಡುವುದು. ಬಹಳಷ್ಟು ರೂಟರುಗಳು ಈ ಸಂಖ್ಯೆ ನೋಡಿಯೇ ಆ ತಿದ್ದುವ ಕೆಲಸವನ್ನೂ ಶುರು ಮಾಡುತ್ತವೆ. ಡಬ್ಬಿಯ ಪಾಸ್‌ವರ್ಡ್ ಗೊತ್ತಿಲ್ಲದ ಅಂಗಡಿಯವರು ಕಂಪ್ಯೂಟರಿನಲ್ಲೇ ಅಳತೆಯನ್ನು 1492ಕ್ಕೆ ಇಳಿಸಬಹುದು. ಆಗ ಅದು ಮೊದಲ ನಮಸ್ಕಾರದಲ್ಲೇ 1452 ಎಂದು ಕೇಳುತ್ತದೆ.

ನಿಪ್ಪಾಣಿ, ಚಿಕ್ಕೋಡಿಯ ಮನೆಗಳಿಂದ ಪುಣೆ, ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವ ಯುವಕ ಯುವತಿಯರಿಗೆ ಇನ್ನೂ ಒಂದು ಲಕೋಟೆ ಸೇರುತ್ತದೆ. ಕಚೇರಿಯ ವಿಪಿಎನ್ ಪ್ರತಿ ಪ್ಯಾಕೆಟ್ಟನ್ನೂ ಗೂಢಲಿಪಿಯಲ್ಲಿ ಸುತ್ತಿ ಹತ್ತಾರು ಬೈಟ್ ಏರಿಸುತ್ತದೆ. ಲಾಗಿನ್ ಆಗುತ್ತದೆ, ಚಾಟ್ ಬರುತ್ತದೆ, ಫೈಲ್ ಮಾತ್ರ ತೆರೆಯುವುದಿಲ್ಲ ಎಂಬ ಗೋಳಿನ ಹಿಂದೆ ಬಹಳ ಸಲ ಇದೇ ಇರುತ್ತದೆ. ಅಲ್ಲಿ ಅಳತೆಯನ್ನು 1400ರ ಆಸುಪಾಸಿಗೆ ಇಳಿಸಿ ಎಂದು ಕಚೇರಿಯ ಐಟಿ ವಿಭಾಗಕ್ಕೆ ಕೇಳಬೇಕು.

ಭಾರತದ ಅರ್ಧಕ್ಕಿಂತ ಹೆಚ್ಚು ಬಳಕೆದಾರರು ಈಗಾಗಲೇ ತಲುಪಿರುವ ಐಪಿವಿ6 ಎಂಬ ಹೊಸ ವಿಳಾಸ ಪದ್ಧತಿಯಲ್ಲಿ ನಡುವಿನ ರೂಟರ್ ಪ್ಯಾಕೆಟ್ಟನ್ನು ಒಡೆಯುವಂತೆಯೇ ಇಲ್ಲ. ಕನಿಷ್ಠ 1280 ಬೈಟ್ ಎಲ್ಲ ದಾರಿಯಲ್ಲೂ ಸಾಗಲೇಬೇಕು; ಅದಕ್ಕಿಂತ ದೊಡ್ಡದು ಹಿಡಿಸದಿದ್ದರೆ ಚೀಟಿಯೊಂದೇ ಗತಿ. ಅಲ್ಲಿ ಐಸಿಎಂಪಿ ಬಂದ್ ಮಾಡುವುದು ಇನ್ನೂ ದೊಡ್ಡ ತಪ್ಪು.

ಕೇಬಲ್‌ನವರಿಗೆ ಫೋನ್ ಮಾಡುವಾಗ 'ನೆಟ್ ಬರವಲ್ದು' ಎನ್ನಬೇಡಿ. ಸ್ಪೀಡ್ ಟೆಸ್ಟ್ ಮಾಡಿ ಎಂಬ ಉತ್ತರಕ್ಕೆ ಮಾತು ಮುಗಿಯುತ್ತದೆ. 'ಅಣ್ಣಾ, 1464 ಹೋಗತೈತಿ, 1465 ಹೋಗವಲ್ದು. ಎಂಟಿಯು 1492 ಮಾಡ್ರಿ, ನಿಮ್ಮ ಕಡೆ ಎಂಎಸ್‌ಎಸ್ ಕ್ಲ್ಯಾಂಪ್ ಐತೇನು ನೋಡ್ರಿ' ಎನ್ನಿ. ಫೋನ್ ಎತ್ತಿದವರಿಗೆ ತಿಳಿಯದಿದ್ದರೆ ಅವರ ಮೇಲಿನವರಿಗೆ ಖಂಡಿತ ತಿಳಿಯುತ್ತದೆ. ಸರಿಹೋದ ಮೇಲೆ ಆ ಸಂಖ್ಯೆಯನ್ನು ಒಂದು ಬಿಳಿ ಪಟ್ಟಿಯ ಮೇಲೆ ಬರೆದು ಡಬ್ಬಿಗೆ ಅಂಟಿಸಿಡಿ. ಮುಂದಿನ ಮಳೆಗಾಲದಲ್ಲಿ ಸಿಡಿಲಿಗೆ ಡಬ್ಬಿ ಸುಟ್ಟು ಹೊಸದು ಬಂದಾಗ, ಅದನ್ನು ಕೂರಿಸಲು ಬಂದ ಹುಡುಗನಿಗೆ ಮೊದಲು ಆ ಪಟ್ಟಿ ತೋರಿಸಿ.